ಥಂಡಿ ಅಳೆಯುತ್ತಿದ್ದ ಕಾಕಾ

ಕಾಕಾ ಹೋದ ತಿಂಗಳು ಅಕ್ಕಲಕೋಟೆಯ ತಮ್ಮ ಮನೆಯಲ್ಲಿ ತೀರಿಕೊಂಡರು. ಕುರನೂರು ಕಡೆಯ ದ್ರಾಕ್ಷಿ ತೋಟದವರು ಅವರನ್ನು ನೆನೆಯುವುದು ಒಂದೇ ಮಾತಿನಿಂದ: ಕಣ್ಣು ಕಾಣದಿದ್ದರೂ ಥರ್ಮಾಮೀಟರ್ ಓದಿ ನಮ್ಮ ತೋಟ ಕಡಿಸಿದ ಮುದುಕ. ಆ ಮಾತು ಸುಳ್ಳು. ನಡೆದದ್ದನ್ನು ಪೂರ್ತಿ ಬಲ್ಲವರು ಇಬ್ಬರೇ ಇದ್ದೆವು, ಈಗ ನಾನೊಬ್ಬ ಉಳಿದಿದ್ದೇನೆ. ಇದನ್ನು ಬರೆದರೆ ನನಗೆ ಸಮಾಧಾನವಾದೀತು ಎಂದು ಯಾರೂ ತಿಳಿಯಬೇಡಿ. ಬರೆಯುತ್ತಿರುವುದು ಸಿಟ್ಟಿನಿಂದ, ಆ ಸಿಟ್ಟಿನಲ್ಲಿ ಮುಕ್ಕಾಲು ಪಾಲು ನನ್ನ ಮೇಲಿನದೇ.

ಅವರ ಹೆಸರು ಬರೆಯುವುದಿಲ್ಲ. ಆಳುಗಳಿಂದ ಹಿಡಿದು ಮ್ಯಾನೇಜರ್ ಸಾಹೇಬರವರೆಗೆ ಎಲ್ಲರೂ ಕಾಕಾ ಎಂದೇ ಕರೆಯುತ್ತಿದ್ದರು. ಅಕ್ಕಲಕೋಟೆಯಿಂದ ಕುರನೂರಿಗೆ ಹೋಗುವ ದಾರಿಯಲ್ಲಿ ದ್ರಾಕ್ಷಿ ಬೆಳೆಗಾರರ ಸಂಘವೊಂದರ ಪ್ರಯೋಗದ ತೋಟವಿತ್ತು. ಸಂಘದ ಆಫೀಸು ಸೋಲಾಪುರದಲ್ಲಿ, ಮ್ಯಾನೇಜರರು ತೋಟಕ್ಕೆ ಬರುತ್ತಿದ್ದದ್ದು ಶನಿವಾರ ಮಧ್ಯಾಹ್ನ ಮಾತ್ರ. ಉಳಿದ ದಿನಗಳಲ್ಲಿ ಅಲ್ಲಿ ಕಾಕಾ, ನಾನು ಮತ್ತು ಐದಾರು ಆಳುಗಳು. ನಾನು ಸೋಲಾಪುರದವನು, ಗಿರಣಿಯಲ್ಲಿ ಕಾರಕೂನನಾಗಿದ್ದವರ ಮಗ, ಮದುವೆಯಾಗಿ ಒಂದು ವರ್ಷ. ಹಂಗಾಮಿ ಗುಮಾಸ್ತನೆಂದು ಸೇರಿ ತೋಟದ ಕೋಣೆಯಲ್ಲೇ ಇರುತ್ತಿದ್ದೆ. ಕಾಕಾ ದಿನಾ ಬೆಳಗ್ಗೆ ಅಕ್ಕಲಕೋಟೆಯಿಂದ ಸೈಕಲ್ ಮೇಲೆ ಬರುತ್ತಿದ್ದರು.

ಅವರ ಕೆಲಸಕ್ಕೆ ಕಾಗದದ ಮೇಲೆ ಏನೋ ದೊಡ್ಡ ಹೆಸರಿತ್ತು. ನಿಜವಾದ ಕೆಲಸ ಥಂಡಿ ಅಳೆಯುವುದು. ತೋಟದ ನಡುವೆ ಬಯಲಿನಲ್ಲಿ ಎದೆಯೆತ್ತರದ ಕಾಲುಗಳ ಮೇಲೆ ಬಿಳಿ ಬಣ್ಣದ ಕಟ್ಟಿಗೆಯ ಪೆಟ್ಟಿಗೆ ನಿಂತಿತ್ತು, ನಾಲ್ಕೂ ಕಡೆ ಗಾಳಿಯಾಡುವಂತೆ ಪಟ್ಟಿ ಹೊಡೆದದ್ದು. ಅದರೊಳಗೆ ಥರ್ಮಾಮೀಟರುಗಳು. ಹದಿನೆಂಟು ವರ್ಷ ಒಂದು ಬೆಳಗೂ ಬಿಡದೆ ಕಾಕಾ ಅದರ ಬಾಗಿಲು ತೆಗೆದಿದ್ದರು. ಮಗಳ ಮದುವೆಯ ದಿನವೂ ಅರಿಶಿನದ ಕೈಯಲ್ಲೇ ಬಂದು ಓದಿ ಹೋಗಿದ್ದರಂತೆ, ರಜಿಸ್ಟರಿನ ಆ ಪುಟದಲ್ಲಿ ಹಳದಿ ಹೆಬ್ಬೆರಳಿನ ಗುರುತು ನಾನೇ ನೋಡಿದ್ದೇನೆ.

ಬಾಗಿಲು ತೆಗೆಯುವ ಮೊದಲು ತಂಬಾಕು ಉಗುಳಿ, ಬಾಯಿ ತೊಳೆದು, ಮೂಗಿನಿಂದ ಒಮ್ಮೆ ಗಾಳಿ ಎಳೆದು ಉಸಿರು ಹಿಡಿಯುತ್ತಿದ್ದರು. ಓದಿ ಮುಗಿಯುವವರೆಗೆ ಬಿಡುತ್ತಿರಲಿಲ್ಲ, ಬಿಸಿಯುಸಿರು ತಾಗಿದರೆ ಗಾಜು ಮೋಸ ಮಾಡುತ್ತದೆಂದು. ಡಿಸೆಂಬರಿನಲ್ಲೂ ಅರ್ಧ ತೋಳಿನ ಅಂಗಿ. ನಾನು ಅವ್ವ ಹೆಣೆದುಕೊಟ್ಟ ಸ್ವೆಟರು ಹಾಕಿಕೊಂಡು ಕೋಣೆಯಿಂದ ಹೊರಬಂದರೆ, ಸ್ವೆಟರ್ ಸಾಹೇಬ್ರು ಎದ್ದ್ರು, ಹಾದಿ ಬಿಡ್ರಿ ಎಂದು ಆಳುಗಳಿಗೆ ಕೂಗಿ ಹೇಳುತ್ತಿದ್ದರು. ಕೋಪ ಮೂಗಿನ ತುದಿಯಲ್ಲೇ. ಯಾರಾದರೂ ಪೆಟ್ಟಿಗೆಗೆ ಒರಗಿ ನಿಂತರೆ ಮುಗಿಯಿತು, ಅವರ ವಂಶವನ್ನೆಲ್ಲ ಎಬ್ಬಿಸುತ್ತಿದ್ದರು. ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಸತ್ತವರೆಂದು ಅದನ್ನು ಮುಚ್ಚಿಡುವುದಿಲ್ಲ.

ಆದರೆ ಬೆಳೆಗಾರರಿಗೆ ಅವರ ಮಾತು ಎಂದರೆ ಮಾತು. ಛಾಟಣಿಗೆಂದು ಬಳ್ಳಿಗೆ ಕತ್ತರಿ ಹಾಕುವ ಮೊದಲು ಕುರನೂರಿನಿಂದ, ಕಂದಲಗಾಂವದಿಂದ ಜನ ಮೋಟಾರ್ ಸೈಕಲ್ ಮೇಲೆ ಬಂದು ಅವರನ್ನು ಕೇಳಿ ಹೋಗುತ್ತಿದ್ದರು. ಮ್ಯಾನೇಜರರ ಜೊತೆ ಬಂದ ಪದವಿ ಪಡೆದ ಅಧಿಕಾರಿಗಳು ಪಕ್ಕದಲ್ಲೇ ಕುರ್ಚಿಯಲ್ಲಿ ಕೂತಿದ್ದರೂ ಅವರನ್ನು ದಾಟಿ ಬಾವಿಯ ಕಟ್ಟೆಯ ಮೇಲಿದ್ದ ಕಾಕಾ ಹತ್ತಿರ ಹೋಗುತ್ತಿದ್ದರು. ಮ್ಯಾನೇಜರರಿಗೆ ಹೊಟ್ಟೆ ಉರಿಯುತ್ತಿದ್ದದ್ದು ಅದಕ್ಕೇ.

ದ್ರಾಕ್ಷಿ ಚಳಿ ದೇಶದ ಬಳ್ಳಿ. ಅಲ್ಲಿ ಅದು ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ, ತನಗೆ ಬೇಕಾದಷ್ಟು ಚಳಿ ಸಿಕ್ಕ ಮೇಲೆ ಎದ್ದು ಎಲ್ಲ ಗೆಣ್ಣಿನಲ್ಲೂ ಒಟ್ಟಿಗೇ ಚಿಗುರುತ್ತದೆ. ನಮ್ಮ ಕಡೆ ಅದನ್ನು ಮಲಗಲು ಬಿಡುವವರು ಯಾರು? ವರ್ಷಕ್ಕೆ ಎರಡು ಸಲ ಕತ್ತರಿಸಿ, ಗೆಣ್ಣಿಗೆ ಔಷಧ ಸವರಿ ಎಬ್ಬಿಸುತ್ತೇವೆ. ಹಳೆಯ ಬಿಳಿ ತಳಿಗಳಿಗೆ ಕಡಿಮೆ ಚಳಿ ಸಾಕು, ಹೇಗೋ ಒಗ್ಗಿಕೊಂಡಿದ್ದವು. ಒಂದೊಂದು ತಳಿಗೆ ಒಂದೊಂದು ಹಸಿವು ಎಂದು ಕಾಕಾ ಹೇಳುತ್ತಿದ್ದರು. ಬಳ್ಳಿ ಕ್ಯಾಲೆಂಡರ್ ನೋಡುವುದಿಲ್ಲ, ಥಂಡಿಯನ್ನೇ ಎಣಿಸುತ್ತದೆ, ಅದಕ್ಕೆ ಕಡಿಮೆ ಬಿದ್ದರೆ ನೀವು ಯಾವ ಔಷಧ ಹಚ್ಚಿದರೂ ಅರ್ಧ ನಿದ್ದೆಯಲ್ಲೇ ನಿಲ್ಲುತ್ತದೆ ಎನ್ನುವುದು ಅವರ ವಾದ.

ಅವರ ದೊಡ್ಡ ಚಿಂತೆ, ಥಂಡಿಯೇ ಕಡಿಮೆಯಾಗುತ್ತಿದೆ ಎನ್ನುವುದು. ಹದಿನೆಂಟು ವರ್ಷದ ರಜಿಸ್ಟರುಗಳನ್ನು ಸಾಲಾಗಿ ಹರಡಿ, ಬೆರಳಿಟ್ಟು ತೋರಿಸುತ್ತಿದ್ದರು. ಮೊದಲ ವರ್ಷಗಳಲ್ಲಿ ದೀಪಾವಳಿ ಮುಗಿದ ಕೂಡಲೇ ಇಳಿಯುತ್ತಿದ್ದ ಅಂಕಿಗಳು ಈಗ ಡಿಸೆಂಬರ್ ಅರ್ಧವಾದರೂ ಇಳಿಯುತ್ತಿರಲಿಲ್ಲ. ಮೊದಲು ಥಂಡಿ ಮನೆಯ ಸೊಸೆಯಂತೆ ಬಂದು ಉಳಿಯುತ್ತಿತ್ತು, ಈಗ ಬೀಗರು ಪಾವಣೇರ ಹಾಗೆ ಬಂದು ಚಹಾ ಕುಡಿದು ಹೋಗುತ್ತದೆ ಎನ್ನುತ್ತಿದ್ದರು. ಈ ಮಾತನ್ನು ಮ್ಯಾನೇಜರರ ಮುಂದೆ ಹೇಳಿದಾಗ ಅವರು ನಕ್ಕು ಮರಾಠಿಯಲ್ಲಿ, ಕಾಕಾ, ವಯಸ್ಸಾದವರಿಗೆಲ್ಲ ಹಳೆಯ ಕಾಲದ ಚಳಿಯೇ ಚಂದ ಎಂದರು. ಕಾಕಾ ರಜಿಸ್ಟರುಗಳನ್ನು ಒಂದೊಂದಾಗಿ ಮುಚ್ಚಿ ಎತ್ತಿಟ್ಟರು.

ಕಿಲ್ಲಾರಿ ಭೂಕಂಪವಾದ ಮರುವರ್ಷ ಸಂಘದವರು ಹೊರದೇಶದ ಒಂದು ಕಪ್ಪು ತಳಿಯ ಹಿಂದೆ ಬಿದ್ದರು. ಬೀಜವಿಲ್ಲದ್ದು, ಹಣ್ಣು ಹೆಬ್ಬೆರಳಿನಷ್ಟು. ಚಳಿ ಮುಗಿದ ಮೇಲೆ ಕತ್ತರಿಸಿದರೆ, ಉಳಿದವರ ಹಣ್ಣೆಲ್ಲ ತೀರಿದ ಹೊತ್ತಿಗೆ ಇದು ಪೇಟೆಗೆ ಬರುತ್ತದೆಂದು ಲೆಕ್ಕ. ಅದರ ಜೊತೆ ಬಂದ ಕಾಗದದಲ್ಲಿ ಒಂದು ಷರತ್ತಿತ್ತು: ಹತ್ತು ಡಿಗ್ರಿಗಿಂತ ಕೆಳಗಿನ ರಾತ್ರಿಗಳು ಚಳಿಗಾಲದಲ್ಲಿ ಮೂರು ವಾರವಾದರೂ ಸಿಗಬೇಕು. ಇಲ್ಲಿ ಒಂದು ವಾರವೂ ಸಿಗುವುದಿಲ್ಲ ಎಂದು ಕಾಕಾ ಕಡ್ಡಿ ಮುರಿದಂತೆ ಹೇಳಿದರು. ಬೆಳೆಗಾರರು ಅಲ್ಲಿಗೇ ನಿಂತರು. ಈ ವರ್ಷದ ಅಂಕಿ ನೋಡಿ ತೀರ್ಮಾನಿಸೋಣ ಎಂದು ಮ್ಯಾನೇಜರರು ಒಪ್ಪಬೇಕಾಯಿತು. ಒಟ್ಟಿನಲ್ಲಿ ಆ ಡಿಸೆಂಬರಿನ ಅಂಕಿಗಳ ಮೇಲೆ ಎಲ್ಲವೂ ನಿಂತಿತ್ತು.

ಅದೇ ಡಿಸೆಂಬರಿನಲ್ಲಿ ಕಾಕಾನ ಕಣ್ಣಿಗೆ ಪೊರೆ ಬಲಿತು, ಸೋಲಾಪುರದ ನೇತ್ರ ಶಿಬಿರದಲ್ಲಿ ಆಪರೇಷನ್ ಮಾಡಿಸಿಕೊಳ್ಳಬೇಕಾಗಿ ಬಂತು. ಕಣ್ಣು ಮಂದವೆಂದು ತಿಳಿದರೆ ಮ್ಯಾನೇಜರರು ಇದೇ ನೆಪದಲ್ಲಿ ತಮ್ಮನ್ನು ಪೆಟ್ಟಿಗೆಯಿಂದ ದೂರ ಮಾಡುತ್ತಾರೆಂಬ ಹೆದರಿಕೆ ಅವರಿಗೆ. ಆದ್ದರಿಂದ ಯಾರಿಗೂ ಹೇಳಲಿಲ್ಲ. ಸುಮಾರು ನಾಲ್ಕು ವಾರ ಬೆಳಗಿನ ಓದು ನನ್ನ ಪಾಲಿಗೆ ಬಂತು. ಶನಿವಾರ ಮಧ್ಯಾಹ್ನ ಮಾತ್ರ ಕಪ್ಪು ಕನ್ನಡಕ ಹಾಕಿಕೊಂಡು ಬಂದು ಕೂರುತ್ತಿದ್ದರು, ಕಣ್ಣು ಕೆಂಪಾಗಿ ನೀರು ಸುರಿಯುತ್ತಿದೆ ಎಂದು ಮ್ಯಾನೇಜರರಿಗೆ ಹೇಳಿದ್ದರು. ಆಪರೇಷನ್ ಸಂಗತಿ ಆಳುಗಳಿಗೆ ಗೊತ್ತಿತ್ತು. ಆದರೆ ಆಳುಗಳನ್ನು ಕೇಳುವವರು ಯಾರು?

ಹೋಗುವ ಮುನ್ನಾದಿನ ನನಗೆ ಕಲಿಸಿದರು. ರಾತ್ರಿಯ ಥಂಡಿ ಅಳೆಯುವ ಥರ್ಮಾಮೀಟರಿನ ಕೊಳವೆಯಲ್ಲಿ ಸ್ಪಿರಿಟ್ಟು, ಅದರೊಳಗೆ ಒಂದು ಸಣ್ಣ ಸೂಜಿ. ಥಂಡಿಗೆ ಸ್ಪಿರಿಟ್ಟು ಇಳಿಯುವಾಗ ಸೂಜಿಯನ್ನೂ ಎಳೆದುಕೊಂಡು ಇಳಿಯುತ್ತದೆ. ಬಿಸಿಲೇರಿ ಸ್ಪಿರಿಟ್ಟು ಮೇಲೆ ಹೋದರೂ ಸೂಜಿ ಅಲ್ಲೇ ಉಳಿಯುತ್ತದೆ. ಬೆಳಗ್ಗೆ ಸೂಜಿ ಎಲ್ಲಿದೆಯೆಂದು ಓದಿ, ಬರೆದು, ಕೊಳವೆಯನ್ನು ಓರೆ ಮಾಡಿ ಸೂಜಿಯನ್ನು ಮತ್ತೆ ಸ್ಪಿರಿಟ್ಟಿನ ತುದಿಗೆ ಜಾರಿಸಬೇಕು. ಜಾರಿಸದಿದ್ದರೆ ಅದು ಹಳೆಯ ಜಾಗದಲ್ಲೇ ಕೂತು, ಕಳೆದುಹೋದ ಥಂಡಿಯನ್ನೇ ದಿನಾ ತೋರಿಸುತ್ತದೆ. ಇಷ್ಟನ್ನು ಹೇಳುವಷ್ಟರಲ್ಲಿ ನನ್ನ ಸ್ವೆಟರಿನ ತೋಳು ಕೊಳವೆಗೆ ತಾಗುತ್ತದೆಂದು ನಾಲ್ಕು ಸಲ ಬೈದರು. ಒಡೆದರೆ ಪುಣೆಯಿಂದ ಬರಬೇಕು, ಆರು ತಿಂಗಳು ಹಿಡಿಯುತ್ತದೆ, ನಿನ್ನನ್ನು ಮಾತ್ರ ಬಿಡುವುದಿಲ್ಲ ಎಂದರು. ನಾನು ಹೂಂ ಹೂಂ ಎನ್ನುತ್ತಾ ಒಳಗೊಳಗೇ ಅವರನ್ನು ಶಪಿಸುತ್ತಿದ್ದೆ. ಓರೆ ಮಾಡುವ ಮಾತು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ. ಒಡೆಯುತ್ತದೆಂಬ ಹೆದರಿಕೆ ಮಾತ್ರ ಚೆನ್ನಾಗಿ ಹೋಯಿತು.

ಮೊದಲನೇ ಬೆಳಗ್ಗೆ ನಿಜಕ್ಕೂ ಥಂಡಿಯಿತ್ತು, ಸೂಜಿ ಒಂಬತ್ತರ ಹತ್ತಿರ ನಿಂತಿತ್ತು. ಓದಿದೆ, ನನ್ನ ಡೈರಿಯಲ್ಲಿ ಪೆನ್ಸಿಲಿನಿಂದ ಬರೆದೆ, ಕೊಳವೆ ಮುಟ್ಟದೆ ಬಾಗಿಲು ಹಾಕಿದೆ. ಮರುದಿನವೂ ಅಷ್ಟೇ, ಮೂರನೇ ದಿನವೂ ಅಷ್ಟೇ. ಇಲ್ಲಿಯವರೆಗೆ ದಡ್ಡತನ. ನಾಲ್ಕನೇ ದಿನದಿಂದ ನಾನು ಮಾಡಿದ್ದಕ್ಕೆ ಬೇರೆ ಹೆಸರಿದೆ. ದಿನಾ ಒಂದೇ ಅಂಕಿ ಬರೆದರೆ, ಹಾಸಿಗೆಯಲ್ಲೇ ಕೂತು ಬರೆದಿದ್ದೀಯ ಎಂದು ಮುದುಕ ಬೈಯುತ್ತಾನೆಂದುಕೊಂಡೆ. ಆದ್ದರಿಂದ ಒಂದು ದಿನ ಅರ್ಧ ಡಿಗ್ರಿ ಮೇಲೆ, ಒಂದು ದಿನ ಅರ್ಧ ಕೆಳಗೆ, ಚಂದ ಕಾಣುವ ಹಾಗೆ ಬದಲಿಸಿ ಬರೆಯುತ್ತಾ ಹೋದೆ. ಹಾಗೆ ಹತ್ತರ ಕೆಳಗೆ ಇಪ್ಪತ್ತಾರು ರಾತ್ರಿಗಳಾದವು. ಆ ರಾತ್ರಿಗಳಲ್ಲಿ ನಾನು ಚಾದರವನ್ನು ಕಾಲಿನಿಂದ ಒದ್ದು ಮಲಗುತ್ತಿದ್ದೆ ಎನ್ನುವುದು ನನಗೇ ಹೊಳೆಯಲಿಲ್ಲ.

ಕಾಕಾ ದಪ್ಪ ಕನ್ನಡಕದೊಂದಿಗೆ ಕೆಲಸಕ್ಕೆ ಬಂದ ದಿನ ಮೊದಲು ಪೆಟ್ಟಿಗೆಗೆ ಹೋಗಿ ಸೂಜಿ ಜಾರಿಸಿ ಇಟ್ಟರು. ಮರುದಿನ ಓದಿದಾಗ ಹದಿನೈದು. ಅವರು ನನ್ನ ಡೈರಿ ತರಿಸಿ, ಹಿಂದಿನ ಪುಟಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ, ಬೈಯದೆ, ಮೆತ್ತಗೆ ಕೇಳಿದರು.

"ತಮ್ಮಾ, ದಿನಾ ಓದಿದ ಮ್ಯಾಲ ಓರೆ ಮಾಡಿ ಸೂಜಿ ಜಾರಿಸ್ತಿದ್ದೆಲ್ಲ?"

ಆ ಕ್ಷಣದಲ್ಲಿ ನನಗೆ ಎಲ್ಲಾ ಅರ್ಥವಾಯಿತು. ಕೆಲಸ ಕಾಯಂ ಆಗುವ ಕಾಗದ ಆ ತಿಂಗಳೇ ಸೋಲಾಪುರದಿಂದ ಬರುವುದಿತ್ತು, ಹೆಂಡತಿಗೆ ಐದು ತಿಂಗಳು. "ಹೂಂ ರಿ ಕಾಕಾ" ಅಂದೆ.

ಅವರು ನಂಬಿದರು. ಊರಿಗೆಲ್ಲ ಕಣ್ಣುಬಿಟ್ಟು ನೋಡು ಎಂದು ಹೇಳುತ್ತಿದ್ದ ಮನುಷ್ಯ ನನ್ನ ಒಂದು ಹೂಂ ನಂಬಿ, ಇಪ್ಪತ್ತಾರು ಅಂಕಿಗಳನ್ನು ತಮ್ಮ ದುಂಡು ಅಕ್ಷರದಲ್ಲಿ ರಜಿಸ್ಟರಿಗೆ ಇಳಿಸಿ ಪುಟದ ಕೆಳಗೆ ಸಹಿ ಮಾಡಿದರು. ನಂಬದೆ ಉಳಿದದ್ದು ತಮ್ಮನ್ನೇ. ಇಷ್ಟು ವರ್ಷ ಥಂಡಿ ಹೋಯಿತು ಹೋಯಿತು ಎಂದು ಬಡಕೊಂಡೆ, ನಾನು ಇಲ್ಲದ ತಿಂಗಳೇ ಅದು ಬಂದು ಕೂತಿತ್ತಲ್ಲ ಎಂದು ನಕ್ಕರು. ಅವರು ಅಷ್ಟು ಸಂತೋಷದಿಂದ ನಕ್ಕದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಆ ದಿನ ಮನೆಗೆ ಕರೆದುಕೊಂಡು ಹೋಗಿ ಹೆಂಡತಿ ಕಾಕೂ ಕೈಯಿಂದ ಶೇಂಗಾ ಹೋಳಿಗೆ ಮಾಡಿಸಿ ತಿನ್ನಿಸಿದರು. ತಿಂದೆ, ಮೂರು ತಿಂದೆ.

ಕುರನೂರಿನ ಮಲ್ಲಣ್ಣ ಎನ್ನುವವರು ಆ ಭಾಗದ ಬೆಳೆಗಾರರಲ್ಲಿ ಹಿರಿಯರು. ಅವರು ಹತ್ತು ಮಂದಿಯನ್ನು ಕರೆದುಕೊಂಡು ಬಂದು ಬಾವಿಯ ಕಟ್ಟೆಯ ಮೇಲೆ ಕೂತು, ಮ್ಯಾನೇಜರರ ಮಾತು ಬೇಡ, ನಿಮ್ಮ ಬಾಯಿಂದ ಹೇಳಿರಿ ಎಂದರು. ಕಾಕಾ ರಜಿಸ್ಟರು ತೆರೆದು ತೋರಿಸಿದರು, ತಾವು ತಿಳಿದದ್ದು ತಪ್ಪಿತ್ತು, ಥಂಡಿ ಐತಿ ಎಂದರು. ನಾನು ಚಹಾದ ಲೋಟಗಳನ್ನು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ. ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆ ವರ್ಷವೇ ಅವರು ಹಣ್ಣು ಕೊಡುತ್ತಿದ್ದ ಬಿಳಿ ದ್ರಾಕ್ಷಿಯ ಬೊಡ್ಡೆಗಳನ್ನು ಕೊಯ್ದು ಅವುಗಳ ಮೇಲೆ ಕಪ್ಪು ತಳಿಯ ಕಸಿ ಕಟ್ಟಿದರು.

ಬಳ್ಳಿಗಳು ಬೆಳೆದವು, ಚಪ್ಪರ ತುಂಬಿತು. ಮೊದಲ ಚಳಿಗಾಲ ಮುಗಿದು ಕತ್ತರಿಸಿದಾಗ ಗೊತ್ತಾಯಿತು. ಒಂದು ಬಳ್ಳಿಯಲ್ಲಿ ತುದಿಗೆ ಒಂದು ಚಿಗುರು, ಪಕ್ಕದ್ದರಲ್ಲಿ ಅದೂ ಇಲ್ಲ. ಎರಡನೇ ಸಲ ಔಷಧ ಸವರಿದರು, ಮೂರನೇ ಸಲ ಸವರಿದರು. ಒಂದು ಸಾಲಿನಲ್ಲಿ ಗೊಂಚಲು ಹಿಡಿಯುವಾಗ ಇನ್ನೊಂದು ಸಾಲಿನಲ್ಲಿ ಚಿಗುರು ಒಡೆಯುತ್ತಿತ್ತು. ಮರುವರ್ಷ ಚಳಿ ಇನ್ನೂ ಕಡಿಮೆ, ಬಳ್ಳಿಗಳು ಒಣಕಟ್ಟಿಗೆಯ ಹಾಗೆ ನಿಂತವು. ಮಲ್ಲಣ್ಣ ಕೊಡಲಿ ಹಾಕಿಸಿದರು. ಹದಿನಾಲ್ಕು ವರ್ಷ ಸಾಕಿದ ಬೊಡ್ಡೆಗಳು ಬುಡ ಸಮೇತ ಹೋದವು.

ಕುರನೂರಿನ ಪ್ಯಾಕಿಂಗ್ ಶೆಡ್ಡಿನಲ್ಲಿ ಸಭೆ ಸೇರಿತು. ನಾನು ಆಗ ಕಾಯಂ ಗುಮಾಸ್ತ, ಸಭೆಯ ವರದಿ ಬರೆಯುವವನು. ಮ್ಯಾನೇಜರರು ರಜಿಸ್ಟರಿನ ಆ ಪುಟ ಎತ್ತಿ ಹಿಡಿದು, ಸಂಘ ಅಂಕಿ ನಂಬಿತು, ಅಂಕಿ ಬರೆದವರನ್ನು ಕೇಳಿರಿ ಎಂದು ಕೈ ತೊಳೆದುಕೊಂಡರು. ಎಲ್ಲರೂ ಕಾಕಾನ ಕಡೆ ತಿರುಗಿದರು. ಕಾಕಾ ಎದ್ದು ನಿಂತು ಒಂದು ಸಲ ನನ್ನನ್ನು ನೋಡಿದರು. ನಾನು ತಲೆ ಬಗ್ಗಿಸಿ ಪೆನ್ನಿನ ತುದಿ ನೋಡುತ್ತಾ ಕೂತೆ.

"ಆ ತಿಂಗಳ ನನ್ನ ಕಣ್ಣಿನ ಆಪರೇಷನ್ ಆಗಿತ್ತರಿ" ಎಂದರು ಕಾಕಾ. "ಯಾರಿಗೂ ಹೇಳಲಿಲ್ಲ. ಕಾಣ್ತಿರಲಿಲ್ಲ, ಕಂಡಂಗ ಬರದೆ. ಸಹಿ ನಂದೈತಿ, ತಪ್ಪೂ ನಂದ."

ಮಲ್ಲಣ್ಣನ ತಮ್ಮ ಕಾಲಿನ ಚಪ್ಪಲಿ ತೆಗೆದು ಎಸೆದ. ಕಾಕಾನಿಗೆ ತಾಗಲಿಲ್ಲ, ಗೋಡೆಗೆ ಬಡಿದು ಬಿತ್ತು. ಕಾಕಾ ಬಗ್ಗಿ ಅದನ್ನು ಎತ್ತಿ ಅವನ ಕಾಲ ಹತ್ತಿರ ಇಟ್ಟು ಹೊರಗೆ ನಡೆದರು. ಇದನ್ನೂ ನಾನು ವರದಿಯಲ್ಲಿ ಬರೆಯಲಿಲ್ಲ.

ಸಂಜೆ ತೋಟಕ್ಕೆ ಮರಳಿದಾಗ ಕಾಕಾ ತಮ್ಮ ಸಾಮಾನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ನಾನು ಕಾಲಿಗೆ ಬೀಳಲು ಹೋದೆ, ಅವರು ಸರಿದು ನಿಂತರು.

"ಗೊತ್ತಾಗೈತಿ ನನಗ. ವಾಚನಾಲಯಕ್ಕ ಹೋಗಿ ಆ ತಿಂಗಳಿನ ಪೇಪರ್ ಎಲ್ಲಾ ತಗಸಿ ನೋಡಿ ಬಂದೀನಿ. ಮೊದಲನೇ ದಿನ ಬಿಟ್ರ ಸೋಲಾಪುರದಾಗ ಹದಿನಾಲ್ಕು, ಹದಿನೈದು. ಸೂಜಿ ಜಾರಿಸೋದು ಮರತಿ, ಅದಿರ್ಲಿ, ತಪ್ಪು ಯಾರ ಕೈಯಾಗರೆ ಆಗ್ತೈತಿ. ನಾ ಕೇಳಿದಾಗ ಹೂಂ ಅಂದೆಲ್ಲ, ಅದು ತಪ್ಪಲ್ಲ ತಮ್ಮಾ, ಅದು ಹರಾಮಖೋರಿ."

ಹಾಗಾದರೆ ಸಭೆಯಲ್ಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಿನ್ನ ಸಲುವಾಗಿ ಅಂತ ತಿಳ್ಕೋಬ್ಯಾಡ. ರಜಿಸ್ಟರಿನಾಗ ಬೇಕಂತ ಸುಳ್ಳ ಬರದಾರ ಅಂತ ಒಮ್ಮೆ ಆತಂದ್ರ, ಇಷ್ಟು ವರ್ಷದ್ದೆಲ್ಲಾ ಸುಳ್ಳ ಅಂತಾರ. ಮುದುಕನ ಕಣ್ಣು ಕೆಟ್ಟಿತ್ತು ಅಂದ್ರ ಒಂದ ತಿಂಗಳು ಹೋಗ್ತೈತಿ. ಉಳದದ್ದು ಉಳೀತೈತಿ. ಥಂಡಿ ಹೊಂಟೈತಿ ಅನ್ನೂದಕ್ಕ ಅದೊಂದ ಸಾಕ್ಷಿ ಐತಿ ಇಲ್ಲಿ."

ಅದೂ ಉಳಿಯಲಿಲ್ಲ. ಕಾಕಾನನ್ನು ಪೆಟ್ಟಿಗೆಯಿಂದ ಬಿಡಿಸಿ ನರ್ಸರಿಯಲ್ಲಿ ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು ತುಂಬಲು ಕೂರಿಸಿದರು, ನಿವೃತ್ತಿಯವರೆಗೆ ಅದನ್ನೇ ಮಾಡಿದರು. ಮೂರ್ನಾಲ್ಕು ವರ್ಷದ ಮೇಲೆ ಪುಣೆಯಿಂದ ಒಬ್ಬ ವಿಜ್ಞಾನಿ ಬಂದು, ಯಾವ ತಳಿಗೆ ಎಷ್ಟು ಚಳಿ ಬೇಕು, ಇಲ್ಲಿ ಎಷ್ಟು ಉಳಿದಿದೆ ಎಂದು ನೋಡಲು ಹಳೆಯ ರಜಿಸ್ಟರುಗಳನ್ನು ಕೇಳಿದರು. ಮ್ಯಾನೇಜರರು, ಅವು ಬೇಡ ಸರ್, ಅವನ್ನು ಬರೆದವನಿಗೆ ಕಣ್ಣೇ ಕಾಣುತ್ತಿರಲಿಲ್ಲ ಎಂದರು. ವಿಜ್ಞಾನಿ ಪೆನ್ನು ಜೇಬಿಗೆ ಹಾಕಿಕೊಂಡರು. ನನ್ನ ಟೇಬಲ್ಲು ಅವರಿಂದ ನಾಲ್ಕು ಹೆಜ್ಜೆ ದೂರ. ಆಗಲೂ ಬಾಯಿಗೆ ಬೀಗ ಹಾಕಿಕೊಂಡೇ ಕೂತಿದ್ದೆ. ಮಗಳು ಅಷ್ಟೊತ್ತಿಗೆ ಶಾಲೆಗೆ ಹೋಗುತ್ತಿದ್ದಳು, ಹೇಳಬಹುದಿತ್ತು, ಆದರೆ ಹೇಳದಿರುವುದು ರೂಢಿಯಾಗಿಹೋಗಿತ್ತು.

ಹೋದ ವಾರ ಸಂಘದವರು ಶ್ರದ್ಧಾಂಜಲಿ ಸಭೆ ಇಟ್ಟರು. ಅದೇ ಪ್ಯಾಕಿಂಗ್ ಶೆಡ್ಡು. ಜನ ಬಂದಿದ್ದರು, ಮಲ್ಲಣ್ಣನೂ ಬಂದಿದ್ದರು, ಕಾಕೂ ಮುಂದಿನ ಸಾಲಿನಲ್ಲಿ ಕೂತಿದ್ದರು. ಮಾತಾಡಿದವರೆಲ್ಲ ಕಾಕಾ ಶಿಸ್ತಿನವರು, ಪ್ರಾಮಾಣಿಕರು ಎನ್ನುತ್ತಾ, ಕೊನೆಯ ದಿನಗಳಲ್ಲಿ ಕಣ್ಣು ಕೈಕೊಟ್ಟಿತು ಎನ್ನುವಲ್ಲಿಗೆ ಬಂದು ದನಿ ತಗ್ಗಿಸುತ್ತಿದ್ದರು. ನನ್ನ ಸರದಿ ಬಂದಾಗ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಸೂಜಿ, ಡೈರಿ, ಅರ್ಧ ಡಿಗ್ರಿ, ಹೂಂ ಅಂದದ್ದು, ಒಂದನ್ನೂ ಬಿಡಲಿಲ್ಲ. ನಿಮ್ಮ ತೋಟ ಕಡಿಸಿದವನು ನಾನು ಎಂದೆ. ಚಪ್ಪಲಿ ಬರುತ್ತದೆ ಎಂದು ಕಾದೆ. ಬರಲಿ ಎಂದೇ ಕಾದೆ.

ಮಲ್ಲಣ್ಣ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಜನರ ಕಡೆ ತಿರುಗಿ, "ನೋಡ್ರಿ, ಸತ್ತವರ ಹೆಸರು ಉಳಸಾಕ ಇವರು ಎಲ್ಲಾ ತಮ್ಮ ಮ್ಯಾಲ ಹಾಕ್ಕೊಂಡ್ರು. ಇಂಥ ಮನಸು ಯಾರಿಗಿರ್ತೈತಿ?" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಹಿಂದಿನ ಸಾಲಿನಿಂದ ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಅಲ್ಲರೀ, ನಾನು ಹೇಳಿದ್ದು ನಿಜ ಎಂದು ನಾನು ಕೂಗಿದಷ್ಟೂ ಅವರ ಮುಖದಲ್ಲಿ ನನ್ನ ಬಗ್ಗೆ ಗೌರವ ಹೆಚ್ಚುತ್ತಾ ಹೋಯಿತು.

ಸಭೆ ಮುಗಿದ ಮೇಲೆ ಕಾಕೂ ಹತ್ತಿರ ಹೋದೆ. ಅವರಾದರೂ ನಂಬುತ್ತಾರೆ, ಕಾಕಾ ಮನೆಯಲ್ಲಿ ಹೇಳಿರದೆ ಇರುತ್ತಾರೆಯೇ ಎಂದುಕೊಂಡಿದ್ದೆ. ಕಾಕೂ ಸೆರಗಿನಿಂದ ಮೂಗು ಒರೆಸಿಕೊಂಡರು. ಸಭೆಯಲ್ಲಿ ಹೇಳಿದ್ದನ್ನೇ ಕಾಕಾ ಮನೆಯಲ್ಲೂ ಹೇಳಿದ್ದರಂತೆ, ಆ ತಿಂಗಳು ಕಣ್ಣು ಕಾಣದೆ ಬರೆದೆನೆಂದು. ಕಣ್ಣು ಚಲೋ ಐತಿ ಎಂದು ತೋರಿಸಲು ಆಮೇಲೆ ಕಾಕಾ ಸಾಯುವವರೆಗೂ ಮನೆಯ ಕಟ್ಟೆಯ ಮೇಲೆ ಕೂತು ದೂರದಿಂದ ಬರುವ ಯಸ್ಟಿ ಬಸ್ಸಿನ ಬೋರ್ಡು ಓದಿ ಹೇಳುತ್ತಿದ್ದರಂತೆ. ಬಸ್ಸಿನ ಹೊತ್ತು ಬಾಯಿಪಾಠವಾಗಿದೆ, ಅದಕ್ಕೇ ಹೇಳುತ್ತಾರೆಂದು ಕಾಕೂ ಸುಮ್ಮನಿರುತ್ತಿದ್ದರಂತೆ.

"ಕಾಕೂ, ಅವರ ಕಣ್ಣು ಖರೇನ ಚಲೋ ಇತ್ತರಿ. ತಪ್ಪು ನಾ ಮಾಡಿದ್ದು" ಎಂದೆ.

ಕಾಕೂ ನನ್ನ ತಲೆಯ ಮೇಲೆ ಕೈಯಿಟ್ಟು ಸವರಿದರು. "ಸಾಕು ಬಿಡು ತಮ್ಮಾ. ನೀ ಹೇಳಿದ್ದು ಸುಳ್ಳಂತ ನನಗೂ ಗೊತ್ತೈತಿ. ಆದ್ರ ನಾಕು ಮಂದಿ ಮುಂದ ಹೇಳಿದೆ, ನನ್ನ ಜೀವ ತಣ್ಣಗಾತು."